ಮರಳಿ ಬರುವವನ ಕೈ ಹಿಡಿಯಿರಿ



ನಮ್ಮ ಮೊಹಲ್ಲಾಗಳಲ್ಲಿ ಪ್ರತಿ ವರ್ಷವೂ ಕಾಣಸಿಗುವ ಒಂದು ದೃಶ್ಯವಿದೆ. ರಮಝಾನ್ ತಿಂಗಳ ಚಂದ್ರದರ್ಶನವಾದೊಡನೆ ಕುಡಿತದ ಚಟವಿರುವ ಎಷ್ಟೋ ಮಂದಿ ಬಾಟಲಿಯನ್ನು ದೂರವಿಡುತ್ತಾರೆ. ಉಪವಾಸ ಹಿಡಿಯುತ್ತಾರೆ, ಮಸೀದಿಯ ಹಿಂದಿನ ಸಾಲಿನಲ್ಲಾದರೂ ತರಾವೀಹ್‌ಗೆ ನಿಲ್ಲುತ್ತಾರೆ. ಮನೆಯಲ್ಲಿ ಶಾಂತಿ ನೆಲೆಸುತ್ತದೆ. ಹೆಂಡತಿಯ ಮುಖ ಅರಳುತ್ತದೆ, ಮಕ್ಕಳು ತಂದೆಯ ಪಕ್ಕದಲ್ಲಿ ಕುಳಿತು ಇಫ್ತಾರ್ ಮಾಡುತ್ತಾರೆ. ಇನ್ನು ಎಲ್ಲವೂ ಸರಿಹೋಯಿತೆಂದು ಮುದಿ ತಾಯಿ ಕೈಯೆತ್ತಿ ಪ್ರಾರ್ಥಿಸುತ್ತಾಳೆ. ಆದರೆ ಈದ್‌ನ ಸಂಜೆಗೆ ಅವನು ಮತ್ತೆ ಹಳೆಯ ಜಾಗದಲ್ಲಿ, ಹಳೆಯ ಗೆಳೆಯರ ನಡುವೆ ಇರುತ್ತಾನೆ.

ಆಗ ನಾವೇನು ಹೇಳುತ್ತೇವೆ? "ಅವನ ತೌಬಾ ನಾಟಕ", "ನಾಯಿಬಾಲ ಡೊಂಕೇ" ಎನ್ನುತ್ತೇವೆ. ಸ್ವಲ್ಪ ತಡೆದು ಯೋಚಿಸಿ. ಮೂವತ್ತು ದಿನ ಅವನನ್ನು ತಡೆದು ನಿಲ್ಲಿಸಿದ್ದು ಯಾವುದು? ಅಲ್ಲಾಹನ ಭಯ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರೊಂದಿಗೆ ಇನ್ನೊಂದೂ ಇತ್ತು. ಆ ತಿಂಗಳಲ್ಲಿ ಅವನು ಒಬ್ಬಂಟಿಯಾಗಿರಲಿಲ್ಲ. ಸಹರಿಗೆ ಎಬ್ಬಿಸುವವರಿದ್ದರು, ಇಫ್ತಾರ್‌ಗೆ ಕಾಯುವವರಿದ್ದರು, ಕುಡಿಯಲು ಹೊರಡುವ ಹೊತ್ತಿಗೆ ಸರಿಯಾಗಿ ಇಡೀ ಮೊಹಲ್ಲಾ ಮಸೀದಿಗೆ ಹೋಗುತ್ತಿತ್ತು. ಶವ್ವಾಲ್ ಒಂದರಂದು ಆ ಸಂಗವೆಲ್ಲ ಚದುರಿತು. ಅವನು ಒಂಟಿಯಾದನು. ಒಂಟಿಯಾದವನನ್ನು ಶೈತಾನನು ಸುಲಭವಾಗಿ ಹಿಡಿದನು.

ತೌಬಾ ಮಾಡುವವನು ಒಬ್ಬನೇ. ಆದರೆ ತೌಬಾದ ಮೇಲೆ ನೆಲೆ ನಿಲ್ಲಲು ಅವನಿಗೆ ಜೊತೆ ಬೇಕು. ಈ ವಿಷಯವನ್ನೇ ಇಂದು ನಿಮ್ಮ ಮುಂದೆ ಇಡಬಯಸುತ್ತೇನೆ.

ಮದೀನಾ ಹೇಗೆ ಬಿಟ್ಟಿತು?

ಮದ್ಯ ನಿಷಿದ್ಧವೆಂಬುದರಲ್ಲಿ ನಮ್ಮಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಆ ನಿಷೇಧ ಒಂದೇ ದಿನದಲ್ಲಿ ಬರಲಿಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಅದರಲ್ಲಿ ಸ್ವಲ್ಪ ಲಾಭವಿದ್ದರೂ ಪಾಪವೇ ದೊಡ್ಡದೆಂದು ಸೂರಃ ಅಲ್ ಬಕರಃದಲ್ಲಿ (2:219) ತಿಳಿಸಲಾಯಿತು. ಅಮಲಿನಲ್ಲಿ ನಮಾಝಿನ ಹತ್ತಿರ ಬರಬಾರದೆಂದು ಸೂರಃ ಅನ್ನಿಸಾದಲ್ಲಿ (4:43) ಆದೇಶ ಬಂತು. ಕೊನೆಗೆ ಸೂರಃ ಅಲ್ ಮಾಇದಃದಲ್ಲಿ (5:90-91) ಅದು ಪೈಶಾಚಿಕ ಕೃತ್ಯವೆಂದೂ ಅದರಿಂದ ಸಂಪೂರ್ಣ ದೂರವಿರಬೇಕೆಂದೂ ಘೋಷಿಸಲಾಯಿತು. ಮನುಷ್ಯನ ದೌರ್ಬಲ್ಯವನ್ನು ಸೃಷ್ಟಿಸಿದವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಆ ಕೊನೆಯ ಆದೇಶ ಬಂದ ದಿನ ಹ. ಅನಸ್(ರ) ಅವರು ಹ. ಅಬೂ ತಲ್ಹಾ(ರ)ರ ಮನೆಯಲ್ಲಿ ನೆರೆದವರಿಗೆ ಪಾನೀಯ ಕೊಡುತ್ತಿದ್ದರು. ಬೀದಿಯಲ್ಲಿ ಘೋಷಣೆ ಕೇಳಿಬಂತು. ಎಲ್ಲವನ್ನೂ ಹೊರಗೆ ಚೆಲ್ಲುವಂತೆ ಅಬೂ ತಲ್ಹಾ(ರ) ಹೇಳಿದರು. ಮದೀನಾದ ಬೀದಿಗಳಲ್ಲಿ ಮದ್ಯ ಹರಿಯಿತೆಂದು ಬುಖಾರಿಯ ಹದೀಸಿನಲ್ಲಿದೆ. ಅಂದು ಒಬ್ಬೊಬ್ಬನು ಗುಟ್ಟಾಗಿ ತನ್ನ ಕೋಣೆಯಲ್ಲಿ ಹೋರಾಡಲಿಲ್ಲ. ಒಟ್ಟಿಗೆ ಕುಡಿದವರು ಒಟ್ಟಿಗೆ ಬಿಟ್ಟರು. ನಮ್ಮ ಇಂದಿನ ಸಹೋದರನಿಗೆ ಆ ಭಾಗ್ಯವಿಲ್ಲ. ಅವನು ಗುಟ್ಟಾಗಿ ಕುಡಿಯುತ್ತಾನೆ, ಬಿಡಲೆತ್ನಿಸುವುದೂ ಗುಟ್ಟಾಗಿಯೇ, ಸೋಲುವುದೂ ಗುಟ್ಟಾಗಿಯೇ.

ಎರಡು ಉತ್ತರಗಳು

ತೊಂಬತ್ತೊಂಬತ್ತು ಮಂದಿಯನ್ನು ಕೊಂದವನ ಕಥೆ ನೀವೆಲ್ಲರೂ ಕೇಳಿದ್ದೀರಿ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ತನಗೆ ಪಶ್ಚಾತ್ತಾಪದ ದಾರಿ ಇದೆಯೇ ಎಂದು ಅವನು ಒಬ್ಬ ಸನ್ಯಾಸಿಯನ್ನು ಕೇಳಿದನು. ಇಲ್ಲವೆಂಬ ಉತ್ತರ ಬಂತು. ನಿರಾಶನಾದ ಅವನು ಆ ಸನ್ಯಾಸಿಯನ್ನೂ ಕೊಂದು ನೂರು ಪೂರ್ತಿ ಮಾಡಿದನು. ಬಳಿಕ ಒಬ್ಬ ವಿದ್ವಾಂಸರ ಬಳಿ ಹೋದನು. ಅವರು, ನಿನಗೂ ಪಶ್ಚಾತ್ತಾಪಕ್ಕೂ ನಡುವೆ ಯಾರು ತಾನೇ ಅಡ್ಡ ಬರಬಲ್ಲರು ಎಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಇಂತಹ ಊರಿಗೆ ಹೋಗು, ಅಲ್ಲಿ ಅಲ್ಲಾಹನನ್ನು ಆರಾಧಿಸುವ ಜನರಿದ್ದಾರೆ, ಅವರೊಂದಿಗೆ ಸೇರಿಕೋ, ನಿನ್ನ ಹಳೆಯ ಊರಿಗೆ ಮರಳಬೇಡ ಎಂದು ದಾರಿ ತೋರಿಸಿದರು. ಆ ದಾರಿಯಲ್ಲಿ ನಡೆಯುತ್ತಿರುವಾಗಲೇ ಅವನಿಗೆ ಮರಣ ಬಂತು. ಒಳ್ಳೆಯವರ ಊರಿಗೆ ಒಂದು ಗೇಣಿನಷ್ಟು ಹತ್ತಿರವಾಗಿದ್ದುದರಿಂದ ಕರುಣೆಯ ಮಲಕುಗಳು ಅವನನ್ನು ಕೊಂಡೊಯ್ದರು.

ಗಮನಿಸಿ, ಆ ವಿದ್ವಾಂಸರು ಬರೀ ಉಪದೇಶ ಕೊಡಲಿಲ್ಲ, ವಿಳಾಸ ಕೊಟ್ಟರು. ನಮ್ಮಲ್ಲಿ ಕುಡಿತ ಬಿಡಬಯಸುವವನು ಬಂದು ಕೇಳಿದಾಗ ನಾವು ಕೊಡುವ ಉತ್ತರ ಯಾವುದು? ಸನ್ಯಾಸಿಯದೋ, ವಿದ್ವಾಂಸರದೋ?

ಕುಡಿದವನ ನಮಾಝ್ ನಲವತ್ತು ದಿನ ಸ್ವೀಕಾರವಾಗುವುದಿಲ್ಲ ಎಂಬ ಹದೀಸನ್ನು ಕೆಲವರು ಅರ್ಧಕ್ಕೇ ನಿಲ್ಲಿಸಿ ಹೇಳುತ್ತಾರೆ. ಅದನ್ನು ಕೇಳಿದವನು, ಹಾಗಾದರೆ ನಲವತ್ತು ದಿನ ಮಸೀದಿಗೆ ಹೋಗುವುದೇಕೆ ಎಂದು ಮನೆಯಲ್ಲೇ ಉಳಿಯುತ್ತಾನೆ. ಅದೇ ಹದೀಸಿನಲ್ಲಿ, ಅವನು ಪಶ್ಚಾತ್ತಾಪಪಟ್ಟರೆ ಅಲ್ಲಾಹನು ಸ್ವೀಕರಿಸುತ್ತಾನೆಂದೂ ಇದೆ. ನಮಾಝಿನ ಕಡ್ಡಾಯ ಒಂದು ಹೊತ್ತಿಗೂ ತಪ್ಪುವುದಿಲ್ಲವೆಂದು ವಿದ್ವಾಂಸರು ವಿವರಿಸಿದ್ದಾರೆ. ಎಚ್ಚರಿಕೆಯ ಮಾತನ್ನು ಬಾಗಿಲು ಮುಚ್ಚಲು ಬಳಸಬೇಡಿ.

ಪಾಪವೂ ಹೌದು, ರೋಗವೂ ಹೌದು

ಮೊದಲ ಗುಟುಕನ್ನು ಮನುಷ್ಯ ತಾನಾಗಿ ಕುಡಿಯುತ್ತಾನೆ. ಅದು ಪಾಪ, ಅದಕ್ಕೆ ಅವನೇ ಹೊಣೆ. ಆದರೆ ವರ್ಷಗಟ್ಟಲೆ ಕುಡಿದವನ ಮೆದುಳು ಮತ್ತು ನರಗಳು ಮದ್ಯಕ್ಕೆ ಒಗ್ಗಿಹೋಗಿರುತ್ತವೆ. ಆಮೇಲೆ ಅವನು ಸುಖಕ್ಕಾಗಿ ಕುಡಿಯುವುದಿಲ್ಲ, ಕೈನಡುಕ ನಿಲ್ಲಲೆಂದು ಕುಡಿಯುತ್ತಾನೆ. ಅಲ್ಲಾಹನು ಔಷಧಿಯಿಲ್ಲದ ರೋಗವನ್ನು ಇಳಿಸಿಲ್ಲವೆಂದು ಪ್ರವಾದಿ(ಸ) ಕಲಿಸಿದ್ದಾರೆ.

ದಿಲ್ಲಿಯ ಏಮ್ಸ್ ಸಂಸ್ಥೆ ಕೇಂದ್ರ ಸರಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ 5.7 ಕೋಟಿ ಜನರಿಗೆ ನೆರವಿನ ಅಗತ್ಯವಿದೆ. ಕುಡಿತಕ್ಕೆ ದಾಸರಾದವರಲ್ಲಿ ಏನಾದರೂ ಚಿಕಿತ್ಸೆ ಪಡೆದವರು 38ಕ್ಕೆ ಒಬ್ಬರು ಮಾತ್ರ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಸಾರಾಯಿಯ ಪಾಕೀಟು ಹೋಯಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. ಕಾನೂನು ಮಾಡಬಹುದಾದುದಕ್ಕೆ ಒಂದು ಮಿತಿಯಿದೆ.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ದಿನವೂ ವಿಪರೀತ ಕುಡಿಯುವವನು ಒಮ್ಮೆಲೇ ಬಿಟ್ಟರೆ ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಪ್ರಾಣಾಪಾಯವೂ ಆಗಬಹುದು. ಆದ್ದರಿಂದ ಅವನನ್ನು ಕೋಣೆಯಲ್ಲಿ ಕೂಡಿಹಾಕಬೇಡಿ, ವೈದ್ಯರ ಬಳಿ ಕರೆದೊಯ್ಯಿರಿ. ರಮಝಾನ್‌ನಲ್ಲಿ ಬಿಡಬೇಕೆಂದಿರುವವನು ಶಅಬಾನ್‌ನಲ್ಲೇ ವೈದ್ಯರನ್ನು ಕಾಣಲಿ. ಅವನಿಗೆ ತಿಳಿಯದಂತೆ ಸಾರಿನಲ್ಲಿ ಮಾತ್ರೆ ಬೆರೆಸಿಕೊಡುವ ರೂಢಿ ಕೆಲವು ಮನೆಗಳಲ್ಲಿದೆ. ಅಂತಹ ಮಾತ್ರೆಯ ಮೇಲೆ ಮದ್ಯ ಬಿದ್ದರೆ ಜೀವಕ್ಕೇ ಕುತ್ತು. ಖಂಡಿತ ಹಾಗೆ ಮಾಡಬೇಡಿ.

ಸಭೆಯೆಂದರೆ ಏನು?

ಔಷಧಿಯಿಂದ ಕೈನಡುಕ ನಿಲ್ಲುತ್ತದೆ. ಆಸ್ಪತ್ರೆಯಿಂದ ಮರಳಿದ ಮೇಲೆ ಮೊದಲ ಸಂಜೆ ಏಳು ಗಂಟೆಗೆ ಅವನು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಉತ್ತರವೇ ಕುಡಿತ ಬಿಟ್ಟವರ ಸಭೆ.

1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ಎಂಬ ಊರಿಗೆ ಬಿಲ್ ವಿಲ್ಸನ್ ಎಂಬ ವ್ಯಾಪಾರಿ ಬಂದಿದ್ದರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ವ್ಯವಹಾರ ಕೈಕೊಟ್ಟಿತು, ಮನಸ್ಸು ಹೋಟೆಲಿನ ಬಾರಿನತ್ತ ಎಳೆಯಿತು. ಆಗ ಅವರು ಹುಡುಕಿದ್ದು ಉಪದೇಶಕನನ್ನಲ್ಲ, ತನ್ನಂತೆಯೇ ಕುಡಿತದಿಂದ ನರಳುವ ಇನ್ನೊಬ್ಬನನ್ನು. ಹಾಗೆ ಸಿಕ್ಕಿದವರು ಅದೇ ಊರಿನ ಶಸ್ತ್ರವೈದ್ಯ ಬಾಬ್ ಸ್ಮಿತ್. ಇಬ್ಬರೂ ಗಂಟೆಗಟ್ಟಲೆ ಮಾತನಾಡಿದರು. ಆ ವೈದ್ಯರು ಕೊನೆಯ ಬಾರಿ ಕುಡಿದ 1935ರ ಜೂನ್ 10ನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಕೂಟದ ಆರಂಭವೆಂದು ಎಣಿಸಲಾಗುತ್ತದೆ. ಭಾರತದಲ್ಲಿ ಇದು 1957ರಲ್ಲಿ ಮೊದಲಾಯಿತು.

ಸಭೆಯ ಕ್ರಮ ಬಹಳ ಸರಳ. ಹತ್ತಿಪ್ಪತ್ತು ಮಂದಿ ಕುರ್ಚಿ ಹಾಕಿಕೊಂಡು ಕುಳಿತಿರುತ್ತಾರೆ. ಒಬ್ಬನು ತನ್ನ ಹೆಸರು ಹೇಳಿ, ತಾನು ಕುಡಿತದ ರೋಗಿಯೆಂದು ಒಪ್ಪಿ, ತನ್ನ ಅನುಭವ ಹೇಳುತ್ತಾನೆ. ಉಳಿದವರು ಕೇಳುತ್ತಾರೆ. ನಡುವೆ ಬಾಯಿ ಹಾಕುವವರಿಲ್ಲ, ಬುದ್ಧಿ ಹೇಳುವವರಿಲ್ಲ. ಮಾತನಾಡಲು ಇಷ್ಟವಿಲ್ಲದವನು ಸುಮ್ಮನೆ ಕುಳಿತಿರಬಹುದು. ಫೀ ಇಲ್ಲ, ಅರ್ಜಿ ಇಲ್ಲ, ಜಾತಿಮತ ಕೇಳುವುದಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದೇ ಅರ್ಹತೆ. ಅಲ್ಲಿ ಕಂಡವರ ಹೆಸರು, ಕೇಳಿದ ಮಾತು ಹೊರಗೆ ಹೋಗಬಾರದು. ಹಳಬನೊಬ್ಬನು ಹೊಸಬನ ಬೆನ್ನಿಗೆ ನಿಲ್ಲುತ್ತಾನೆ. ನಡುರಾತ್ರಿ ಕುಡಿಯಬೇಕೆನಿಸಿದರೆ ಅವನಿಗೆ ಫೋನ್ ಮಾಡಬಹುದು. ಜೀವಮಾನವಿಡೀ ಬಿಡುತ್ತೇನೆಂಬ ಆಣೆ ಬೇಡ, ಈ ಒಂದು ದಿನ ಕುಡಿಯುವುದಿಲ್ಲವೆಂದರೆ ಸಾಕು ಎಂಬುದು ಅವರ ರೀತಿ.

ಇದರಿಂದ ಪ್ರಯೋಜನವುಂಟೇ? ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2020ರಲ್ಲಿ 10 ಸಾವಿರಕ್ಕೂ ಹೆಚ್ಚು ಮಂದಿಯನ್ನು ಒಳಗೊಂಡ 27 ಅಧ್ಯಯನಗಳನ್ನು ಪರಿಶೀಲಿಸಿತು. ರೋಗಿಗಳನ್ನು ಕ್ರಮಬದ್ಧವಾಗಿ ಇಂತಹ ಸಭೆಗಳಿಗೆ ಸೇರಿಸಿದಾಗ, ಬೇರೆ ಚಿಕಿತ್ಸಾ ವಿಧಾನಗಳಿಗಿಂತ ಹೆಚ್ಚು ಮಂದಿ ಕುಡಿತವನ್ನು ಪೂರ್ತಿ ಬಿಟ್ಟರೆಂದು ಕಂಡುಕೊಂಡಿತು.

ನಮ್ಮ ಕರ್ನಾಟಕದಲ್ಲೇ ಇನ್ನೊಂದು ಉದಾಹರಣೆಯಿದೆ. ಶ್ರೀ ಕ್ಷೇತ್ರ ಧರ್ಮಸ್ಥಳದ ಆಶ್ರಯದ ಜನಜಾಗೃತಿ ವೇದಿಕೆಯವರು ಊರೂರಿನಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರ ಮುಗಿದ ಮೇಲೆ ಬಿಟ್ಟವರನ್ನು ನವಜೀವನ ಸಮಿತಿಗಳಲ್ಲಿ ಸೇರಿಸಿ ಮತ್ತೆ ಮತ್ತೆ ಒಂದೆಡೆ ಕೂರಿಸುತ್ತಾರೆ. ಅವರ ಧಾರ್ಮಿಕ ಕಲಾಪಗಳು ಅವರವು. ಆದರೆ ಬಿಟ್ಟವನನ್ನು ಒಂಟಿಯಾಗಿ ಬಿಡಬಾರದೆಂಬ ಪಾಠವನ್ನು ನಾವು ಯಾರಿಂದ ಕಲಿತರೂ ತಪ್ಪಿಲ್ಲ.

ನಮ್ಮವರ ಸಂದೇಹಗಳು

ಆ ಸಭೆ ಚರ್ಚಿನ ಆವರಣದಲ್ಲಿ ನಡೆದರೆ ಮುಸ್ಲಿಮನು ಹೋಗಬಹುದೇ ಎಂದು ಕೆಲವರು ಕೇಳುತ್ತಾರೆ. ಎ.ಎ. ಯಾವ ಮತಕ್ಕೂ ಸೇರಿದುದಲ್ಲ. ಬಾಡಿಗೆಗೆ ಸಿಕ್ಕಿದ ಕೋಣೆಯಲ್ಲಿ ಕೂರುತ್ತಾರೆ, ಅಷ್ಟೆ. ಅದರ ಹನ್ನೆರಡು ಹೆಜ್ಜೆಗಳಲ್ಲಿ, ತನ್ನ ಶಕ್ತಿ ಸಾಲದೆಂದು ಒಪ್ಪುವುದು, ತನಗಿಂತ ಮೇಲಿನ ಶಕ್ತಿಗೆ ಶರಣಾಗುವುದು, ತನ್ನ ತಪ್ಪುಗಳ ಲೆಕ್ಕ ನೋಡುವುದು, ನೋಯಿಸಿದವರಿಗೆ ಆದ ನಷ್ಟ ತುಂಬಿಕೊಡುವುದು, ಪ್ರಾರ್ಥಿಸುವುದು, ಇನ್ನೊಬ್ಬ ರೋಗಿಗೆ ನೆರವಾಗುವುದು ಮುಖ್ಯವಾದವು. ಪ್ರತಿಯೊಬ್ಬನೂ ತಾನು ಅರಿತ ದೇವನನ್ನೇ ಕರೆಯಬಹುದೆಂದು ಅವರೇ ಹೇಳುತ್ತಾರೆ. ಮುಸ್ಲಿಮನು ಅಲ್ಲಾಹನನ್ನೇ ಕರೆಯಲಿ. ತಪ್ಪೊಪ್ಪಿಗೆ, ಆತ್ಮವಿಮರ್ಶೆ, ಜನರ ಹಕ್ಕುಗಳನ್ನು ಮರಳಿಸುವುದು, ದುಆ, ಇವು ನಮ್ಮ ತೌಬಾದ ಷರತ್ತುಗಳಲ್ಲವೇ? 1989ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮುಸ್ಲಿಮರೇ ಮಿಲ್ಲತಿ ಇಸ್ಲಾಮಿ ಎಂಬ ಕೂಟವನ್ನು ಆರಂಭಿಸಿ, ಈ ಹೆಜ್ಜೆಗಳನ್ನು ಇಸ್ಲಾಮೀ ಬೋಧನೆಗೆ ಹೊಂದಿಸಿಕೊಂಡರು.

ಎರಡನೆಯ ಸಂದೇಹ ಹೆಚ್ಚು ತೂಕದ್ದು. ಅಲ್ಲಾಹನು ಮರೆಮಾಚಿದ ಪಾಪವನ್ನು ತಾನೇ ಬಯಲು ಮಾಡಿಕೊಳ್ಳುವುದನ್ನು ಪ್ರವಾದಿ(ಸ) ಖಂಡಿಸಿದ್ದಾರಲ್ಲ, ಹಾಗಿರುವಾಗ ಸಭೆಯಲ್ಲಿ ಹೇಳಬಹುದೇ? ಆ ಹದೀಸು ರಾತ್ರಿ ಪಾಪ ಮಾಡಿ ಬೆಳಿಗ್ಗೆ ಲಜ್ಜೆಯಿಲ್ಲದೆ ಸಾರುವವನ ಕುರಿತಾಗಿದೆ. ಗಾಯವನ್ನು ವೈದ್ಯರಿಗೆ ತೋರಿಸುವವನು ಅದನ್ನು ಬೀದಿಯಲ್ಲಿ ಪ್ರದರ್ಶಿಸುವವನಲ್ಲ. ಬಿಡಲಿಕ್ಕಾಗಿ, ಬಾಯಿ ಬಿಗಿಹಿಡಿಯುವ ಜನರ ನಡುವೆ, ಅಗತ್ಯವಿದ್ದಷ್ಟೇ ಹೇಳಿಕೊಳ್ಳಲಿ. ಹಳೆಯ ಕುಡಿತವನ್ನು ರಸವತ್ತಾಗಿ ಬಣ್ಣಿಸುವ ಅಗತ್ಯವಿಲ್ಲ. ಅಲ್ಲಿಗೆ ಹೋಗಿ ಬಂದವನ ಹೆಸರನ್ನು ಇನ್ನೊಬ್ಬನು ಹೇಳಿದರೆ ಮಾತ್ರ ಅದು ದೊಡ್ಡ ದ್ರೋಹ. ಸಹೋದರನ ಲೋಪವನ್ನು ಮರೆಮಾಚುವವನ ಲೋಪವನ್ನು ಅಲ್ಲಾಹನು ಇಹಪರಗಳಲ್ಲಿ ಮರೆಮಾಚುತ್ತಾನೆಂಬ ವಾಗ್ದಾನ ಮುಸ್ಲಿಮ್‌ನ ಹದೀಸಿನಲ್ಲಿದೆ.

ಹುಬ್ಬಳ್ಳಿ-ಧಾರವಾಡದಲ್ಲಿ ಹುಡುಕುವುದು ಹೇಗೆ?

ನಮ್ಮ ಕಡೆ ಯಾರಾದರೂ ವಿಚಿತ್ರವಾಗಿ ವರ್ತಿಸಿದರೆ "ಇವನನ್ನು ಧಾರವಾಡಕ್ಕೆ ಕಳಿಸಬೇಕು" ಎಂದು ಹಾಸ್ಯ ಮಾಡುವ ರೂಢಿಯಿದೆ. ಆ ಹಾಸ್ಯದ ಭಯದಿಂದಲೇ ಎಷ್ಟೋ ಮನೆಯವರು ಆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಬ್ರಿಟಿಷರ ಕಾಲದ ಆ ಮಾನಸಿಕ ಆಸ್ಪತ್ರೆಯೇ ಬೆಳೆದು ಇಂದು ಡಿಮ್ಹಾನ್ಸ್ ಎಂಬ ಸಂಸ್ಥೆಯಾಗಿದೆ. ಕುಡಿತದ ಚಟ ಬಿಡಿಸುವ ಚಿಕಿತ್ಸೆ ಅಲ್ಲಿ ಸಿಗುತ್ತದೆ. ಹುಬ್ಬಳ್ಳಿಯವರು ವಿದ್ಯಾನಗರದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ, ಜನ ಕಿಮ್ಸ್ ಎಂದು ಕರೆಯುತ್ತ ಬಂದ ಆಸ್ಪತ್ರೆಗೆ, ಹೋಗಿ ಮನೋರೋಗ ವಿಭಾಗದಲ್ಲಿ ವಿಚಾರಿಸಬಹುದು. ವೈದ್ಯರಿಗೆ ಎರಡು ಪ್ರಶ್ನೆ ಕೇಳಿ. ಔಷಧಿ ಏನು? ಬಿಟ್ಟವರ ಸಭೆ ಹತ್ತಿರದಲ್ಲಿ ಎಲ್ಲಿ, ಯಾವ ದಿನ ನಡೆಯುತ್ತದೆ? ಎರಡನೆಯದನ್ನು ಕೇಳಲು ಮರೆಯಬೇಡಿ.

ಆಸ್ಪತ್ರೆಗೆ ಹೋಗಲು ಇನ್ನೂ ಸಂಕೋಚವಾದರೆ ಮೊದಲು ಫೋನ್ ಮಾಡಿ. ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416, ಅದರಲ್ಲಿ ಕನ್ನಡದಲ್ಲಿ ಮಾತನಾಡಬಹುದು. ಎರಡಕ್ಕೂ ಶುಲ್ಕವಿಲ್ಲ. ಸಭೆಯ ಜಾಗ ಮತ್ತು ಸಮಯ ಆಗಾಗ ಬದಲಾಗುವುದರಿಂದ ಹಳೆಯ ವಿಳಾಸ ನಂಬಿ ಹೋಗಿ ನಿರಾಶರಾಗಬೇಡಿ, ಹೊರಡುವ ಮುನ್ನ ಕೇಳಿ ಖಚಿತಪಡಿಸಿಕೊಳ್ಳಿ. ಹಳೇ ಹುಬ್ಬಳ್ಳಿಯವನಿಗೆ ತನ್ನ ಓಣಿಯವರ ಕಣ್ಣಿಗೆ ಬೀಳುವ ಅಂಜಿಕೆಯಿದ್ದರೆ ಧಾರವಾಡದ ಕಡೆ ವಿಚಾರಿಸಲಿ, ಧಾರವಾಡದವನು ಹುಬ್ಬಳ್ಳಿಯ ಕಡೆ. ನಡುವೆ ಇರುವುದು ಸುಮಾರು 20 ಕಿಲೋಮೀಟರ್, ದಿನವಿಡೀ ಬಸ್ಸುಗಳಿವೆ. ಕುಡಿಯಲು ಇದಕ್ಕಿಂತ ದೂರ ಹೋದವರಿದ್ದಾರೆ.

ಮೊದಲ ದಿನ ಅವನೊಬ್ಬನನ್ನೇ ಕಳಿಸಬೇಡಿ. ಬಾಗಿಲವರೆಗೆ ಜೊತೆಗೆ ಹೋಗಿ. ಕುಡಿಯುವವರಿಗೆ ಮಾತ್ರ ಮೀಸಲಾದ ಸಭೆಯಾದರೆ ಹೊರಗೆ ಕಾಯಿರಿ, ಎಲ್ಲರಿಗೂ ತೆರೆದ ಸಭೆಯಾದರೆ ಪಕ್ಕದಲ್ಲಿ ಕುಳಿತುಕೊಳ್ಳಿ. ಒಂದು ಸಭೆಗೆ ಹೋಗಿ ಬಂದು "ನನಗೆ ಹಿಡಿಸಲಿಲ್ಲ" ಎಂದರೆ ಇನ್ನೂ ಕೆಲವಕ್ಕೆ ಹೋಗಿ ನೋಡಲು ಹೇಳಿ. ಮಗ್ರಿಬ್ ಹೊತ್ತಿಗೆ ಸಭೆ ಬಿದ್ದರೆ ಹತ್ತಿರದ ಮಸೀದಿಯಲ್ಲಿ ನಮಾಝ್ ಮುಗಿಸಿ ಒಳಗೆ ಹೋಗಲಿ.

ಮನೆಯವರಿಗೆ ಒಂದು ಮಾತು

ಸಹೋದರಿಯರೇ, ಈ ಪುಟಗಳನ್ನು ಅವನಿಗಿಂತ ಮೊದಲು ನೀವು ಓದುತ್ತಿರಬಹುದು. ಅವನು ಕುಡಿಯುವುದಕ್ಕೆ ನೀವು ಕಾರಣರಲ್ಲ. ಅವನ ಸಾಲ ತೀರಿಸುತ್ತ, ಧಣಿಗೆ ಸುಳ್ಳು ಹೇಳುತ್ತ, ತವರಿನವರಿಂದ ಮುಚ್ಚಿಡುತ್ತ ನೀವು ಬಳಲಿದ್ದೀರಿ. ಹೀಗೆ ಬಳಲಿದ ಮನೆಯವರಿಗಾಗಿಯೇ 1951ರಿಂದ ಅಲ್-ಅನಾನ್ ಎಂಬ ಪ್ರತ್ಯೇಕ ಸಭೆಗಳಿವೆ. ಅವನು ಬಿಡಲು ಒಪ್ಪದಿದ್ದರೂ ನೀವು ಅಲ್ಲಿಗೆ ಹೋಗಬಹುದು. ಅವನ ಪಾಪವನ್ನು ಜಗತ್ತಿಗೆ ಸಾರಬೇಕಾಗಿಲ್ಲ, ಆದರೆ ನೆರವು ಕೇಳುವುದು ಸಾರುವುದಲ್ಲ. ಅವನು ಹೊಡೆಯುವವನಾದರೆ ಸಹನೆಯ ಹೆಸರಿನಲ್ಲಿ ಜೀವವನ್ನು ಅಪಾಯಕ್ಕೊಡ್ಡಬೇಡಿ. ಮೊದಲು ನಿಮ್ಮನ್ನೂ ಮಕ್ಕಳನ್ನೂ ಸುರಕ್ಷಿತ ಜಾಗಕ್ಕೆ ಸೇರಿಸಿಕೊಳ್ಳಿ.

ಅವನು ಬಿಟ್ಟು ಮೂರು ತಿಂಗಳಾದ ಮೇಲೆ ಒಂದು ದಿನ ಜಾರಿದರೆ ಎಲ್ಲವೂ ಮುಗಿಯಿತೆಂದುಕೊಳ್ಳಬೇಡಿ. ಮರುದಿನವೇ ಸಭೆಗೆ ಹೋಗಲು ಹೇಳಿ. ಜಾರಿದವನಿಗೆ ಅಲ್ಲಿ ಬಾಗಿಲು ಮುಚ್ಚಿರುವುದಿಲ್ಲ. ಅಲ್ಲಾಹನ ಬಾಗಿಲಂತೂ ಮುಚ್ಚಿಲ್ಲ.

ಜಮಾಅತಿನವರೇ, ಕೇಳಿ

ಪ್ರವಾದಿಯವರ(ಸ) ಕಾಲದಲ್ಲಿ ಅಬ್ದುಲ್ಲಾ ಎಂಬವರೊಬ್ಬರಿದ್ದರು. ಪ್ರವಾದಿಯವರನ್ನು(ಸ) ನಗಿಸುತ್ತಿದ್ದರು. ಕುಡಿತದ ದೌರ್ಬಲ್ಯವಿತ್ತು, ಅದಕ್ಕಾಗಿ ಒಂದಕ್ಕಿಂತ ಹೆಚ್ಚು ಬಾರಿ ಶಿಕ್ಷೆಯೂ ಆಯಿತು. ಎಷ್ಟು ಬಾರಿ ಹಿಡಿದು ತರುವುದೆಂದು ಬೇಸತ್ತ ಒಬ್ಬರು ಅವರನ್ನು ಶಪಿಸಿದರು. ಪ್ರವಾದಿ(ಸ) ತಡೆದರು. ಶಪಿಸಬೇಡಿ, ಅವರು ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಪ್ರೀತಿಸುತ್ತಾರೆಂದು ಸಾಕ್ಷ್ಯ ನುಡಿದರು. ಇಂತಹುದೇ ಇನ್ನೊಂದು ಸಂದರ್ಭದಲ್ಲಿ, ಸಹೋದರನ ವಿರುದ್ಧ ಶೈತಾನನಿಗೆ ನೆರವಾಗಬೇಡಿ ಎಂದು ತಿಳಿಸಿದರು. ಎರಡೂ ಬುಖಾರಿಯಲ್ಲಿವೆ. ಶಿಕ್ಷೆಯ ಕಾನೂನಿದ್ದ ಸಮಾಜದಲ್ಲೂ ಅವಮಾನಕ್ಕೆ ಅವಕಾಶವಿರಲಿಲ್ಲ.

ಹ. ಉಮರ್(ರ) ಅವರು ಸಿರಿಯಾದ ಒಬ್ಬ ಪರಿಚಿತನ ಕುರಿತು ವಿಚಾರಿಸಿದಾಗ ಅವನು ಕುಡಿತದಲ್ಲಿ ಬಿದ್ದಿದ್ದಾನೆಂದು ತಿಳಿಯಿತು. ಅವರು ಅವನಿಗೆ ಪತ್ರ ಬರೆಸಿದರು. ಅಲ್ಲಾಹನು ಪಾಪ ಕ್ಷಮಿಸುವವನು, ಪಶ್ಚಾತ್ತಾಪ ಸ್ವೀಕರಿಸುವವನು, ಕಠಿಣವಾಗಿ ಶಿಕ್ಷಿಸುವವನೂ ಹೌದು ಎಂದು ತಿಳಿಸುವ ಸೂರಃ ಗಾಫಿರ್‌ನ ಆರಂಭದ ಸೂಕ್ತಗಳನ್ನು ಬರೆಸಿ, ಅವನಿಗಾಗಿ ಪ್ರಾರ್ಥಿಸುವಂತೆ ಸಂಗಡಿಗರಿಗೆ ಹೇಳಿದರು. ಅವನು ಆ ಪತ್ರವನ್ನು ಮತ್ತೆ ಮತ್ತೆ ಓದಿ ಅತ್ತು, ಕುಡಿತ ಬಿಟ್ಟನೆಂದು ಇಬ್ನು ಕಸೀರ್‌ರ ತಫ್ಸೀರಿನಲ್ಲಿ ಉಲ್ಲೇಖವಿದೆ. ಸಹೋದರನು ಜಾರಿದ್ದನ್ನು ಕಂಡಾಗ ಹೀಗೆಯೇ ಮಾಡಿರೆಂದು ಉಮರ್(ರ) ಸಂಗಡಿಗರಿಗೆ ಕಲಿಸಿದರು.

ಈಗ ನಮ್ಮ ಮಸೀದಿಯನ್ನು ನೋಡಿ. ಶುಕ್ರವಾರ ಚಪ್ಪಲಿಗಳ ಪಕ್ಕದಲ್ಲಿ, ಕೊನೆಯ ಸಾಲಿನ ತುದಿಯಲ್ಲಿ ಒಬ್ಬನು ನಿಂತಿರುತ್ತಾನೆ. ಪಕ್ಕದವನು ಮೂಗು ಮುರಿದು ಸರಿಯುತ್ತಾನೆ. ಮುಂದಿನ ಶುಕ್ರವಾರ ಅವನು ಬರುವುದಿಲ್ಲ. ಮದ್ಯದಂಗಡಿಯಲ್ಲಿ ಮಾತ್ರ ಯಾರೂ ಅವನಿಂದ ಸರಿದು ಕುಳಿತುಕೊಳ್ಳುವುದಿಲ್ಲ.

ನಮ್ಮ ಜಮಾಅತುಗಳು ಮಾಡಬಹುದಾದ ಕೆಲಸ ದೊಡ್ಡದೇನೂ ಅಲ್ಲ. ಸಹಾಯವಾಣಿಯ ಸಂಖ್ಯೆಗಳನ್ನು ವುಝೂ ಮಾಡುವ ಜಾಗದ ಗೋಡೆಗೆ ಅಂಟಿಸಿ, ಯಾರ ಮುಂದೆಯೂ ಕೇಳದೆ ಬರೆದುಕೊಳ್ಳುವಂತಿರಲಿ. ಗುಟ್ಟು ಕಾಯಬಲ್ಲ ಇಬ್ಬರು ಹಿರಿಯರನ್ನು ಗೊತ್ತುಮಾಡಿ. ಮದ್ರಸದ ಒಂದು ಕೋಣೆಯನ್ನು ವಾರಕ್ಕೊಂದು ಸಂಜೆ ಇಂತಹ ಸಭೆಗೆ ಬಿಟ್ಟುಕೊಡಿ. ಈದ್‌ನ ಸಂಜೆ, ಆ ಅಪಾಯದ ಸಂಜೆ, ರಮಝಾನ್ ಪೂರ್ತಿ ಬಿಟ್ಟಿದ್ದವನನ್ನು ನಿಮ್ಮ ಮನೆಗೆ ಊಟಕ್ಕೆ ಕರೆಯಿರಿ. ಶವ್ವಾಲ್‌ನ ಎರಡನೆಯ ದಿನ ಅವನನ್ನು ಸಭೆಯ ಬಾಗಿಲವರೆಗೆ ಕರೆದುಕೊಂಡು ಹೋಗಿ.

ನೂರು ಕೊಲೆ ಮಾಡಿದವನು ಒಳ್ಳೆಯವರ ಊರನ್ನು ಮುಟ್ಟಿರಲಿಲ್ಲ. ಅತ್ತ ಮುಖಮಾಡಿ ಹೊರಟಿದ್ದನು, ಅಷ್ಟೆ. ನಮ್ಮ ಸಹೋದರನೂ ಇಂದು ಸಂಜೆ ಹೊರಟು ನಿಂತಿರಬಹುದು. ದಾರಿ ಹೇಳುವವರು ನಾವಾಗೋಣ.

ಕುಡಿತದ ಸೆರೆಯಲ್ಲಿರುವ ನಮ್ಮ ಸಹೋದರ ಸಹೋದರಿಯರನ್ನು ಅಲ್ಲಾಹನು ಬಿಡುಗಡೆಗೊಳಿಸಲಿ. ಅವರ ಮನೆಗಳಿಗೆ ನೆಮ್ಮದಿಯನ್ನು ಕರುಣಿಸಲಿ. ಅವರ ವಿರುದ್ಧ ಶೈತಾನನಿಗೆ ನೆರವಾಗುವ ನಾಲಿಗೆಯಿಂದ ನಮ್ಮನ್ನು ಕಾಪಾಡಲಿ. ಆಮೀನ್.